ತಾರಸಿ ಫ್ಯಾನಿನ ಬಾಯಿ ಮುಚ್ಚಿಸಿದ ಮೈಕಮ್ಮ

ಮೈಕಮ್ಮ ಕೊಲೆ ಮಾಡಲು ಕೂತಾಗ ಬೆಳಿಗ್ಗೆ ಹನ್ನೊಂದು ಗಂಟೆ. ಸಾಮಾನಿನ ಕೋಣೆಯ ಬಾಗಿಲು ಹಾಕಿ, ಗೋಡೆಗೆಲ್ಲ ಕಂಬಳಿ ಇಳಿಬಿಟ್ಟು, ಮೈಕಿಗೆ ಮೂಗು ತಾಗುವಷ್ಟು ಬಾಗಿ, "ಕತ್ತಲಲ್ಲಿ ಮೆಲ್ಲನೆ ಒಂದು ಹೆಜ್ಜೆಯ ಸದ್ದು ಕೇಳಿಸಿತು" ಎಂದು ಓದಿದಳು. ಹೆಜ್ಜೆಯ ಸದ್ದು ಯಾರಿಗೂ ಕೇಳಿಸುವಂತಿರಲಿಲ್ಲ. ನೆತ್ತಿಯ ಮೇಲಿನ ಜಾಲರಿಯಿಂದ ಗೊರ್ರ್ ಎಂಬ ಸದ್ದು ಧಾರಾಕಾರವಾಗಿ ಸುರಿಯುತ್ತಿತ್ತು.

ಆ ಸದ್ದಿನ ಮೂಲ ತಾರಸಿಯಲ್ಲಿತ್ತು. ಕಟ್ಟಡದ ಅಷ್ಟೂ ಮನೆಗಳ ಬಚ್ಚಲು ಮತ್ತು ಸಾಮಾನಿನ ಕೋಣೆಗಳ ಗಾಳಿಯನ್ನು ಒಂದೇ ತಗಡಿನ ಕೊಳವೆಯಿಂದ ಎಳೆದು ಹೊರಗೆ ಬಿಸಾಡುವ ದೊಡ್ಡ ಫ್ಯಾನದು. ಕಟ್ಟಡದವರಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಮೈಕಮ್ಮನಿಗೆ ಮಾತ್ರ ಅದು ಹುಟ್ಟಾ ವೈರಿ.

ಕಾರಣವೂ ಸಣ್ಣದಲ್ಲ. ಇಷ್ಟು ವರ್ಷ ಅವಳ ಕಂಠ ಲೋಕಕ್ಕೆ ಕೇಳಿಸಿದ್ದು ಫೋನಿನಲ್ಲಿ, "ನಿಮ್ಮ ಕರೆ ಸರತಿಯಲ್ಲಿದೆ, ದಯವಿಟ್ಟು ಕಾಯಿರಿ" ಎಂದು. ಜನ ಅವಳ ದನಿ ಕೇಳಿದ ಕೂಡಲೇ ಹಲ್ಲು ಕಡಿಯುತ್ತಿದ್ದರು. ಈಗ ಮೊದಲ ಬಾರಿಗೆ ಒಂದು ಇಡೀ ಪತ್ತೇದಾರಿ ಕಾದಂಬರಿಯನ್ನು ಆಡಿಯೋ ಪುಸ್ತಕಕ್ಕಾಗಿ ಓದುವ ಭಾಗ್ಯ ಬಂದಿತ್ತು. ಆದರೆ ಮೊದಲ ಅಧ್ಯಾಯ ಕಳಿಸಿದ ದಿನವೇ ಸ್ಟುಡಿಯೋದ ಎಂಜಿನಿಯರ್ ಫೋನ್ ಮಾಡಿದ: "ಮೇಡಂ, ಕೊಲೆಗಾರನ ಹಿಂದೆ ಯಾರೋ ಹಿಟ್ಟಿನ ಗಿರಣಿ ಓಡಿಸ್ತಿದಾರೆ. ಶುಕ್ರವಾರದೊಳಗೆ ಒಂದು ಅಧ್ಯಾಯನಾದ್ರೂ ಸದ್ದಿಲ್ಲದೆ ಓದಿ ಕಳಿಸಿದ್ರೆ ಸರಿ. ಇಲ್ಲಾಂದ್ರೆ ಪುಸ್ತಕ ಬೇರೆಯವರಿಗೆ."

"ರೀ, ಕೇಳಿ!" ಎಂದು ಮೈಕಮ್ಮ ಗಂಡನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಈ ಕಟ್ಟಡದಲ್ಲಿ ಇನ್ನು ಆ ಫ್ಯಾನ್ ಮಾತಾಡಬೇಕು, ಇಲ್ಲಾ ನಾನು ಮಾತಾಡಬೇಕು!"

"ಫ್ಯಾನು ಕರೆಂಟ್ ಹೋದಾಗಲಾದ್ರೂ ನಿಲ್ಲುತ್ತೆ" ಎಂದ ಗಂಡ, ಪತ್ರಿಕೆಯಿಂದ ತಲೆ ಎತ್ತದೆ.

ಮೊದಲ ದಾಳಿಯಲ್ಲಿ ಅವಳು ಸ್ಟೂಲು ಹತ್ತಿ ಜಾಲರಿಗೆ ಎರಡು ದಿಂಬು ತುರುಕಿದಳು. ಅವಳ ಕೋಣೆಯಲ್ಲಿ ಸದ್ದು ಅಡಗಿತು. ಆದರೆ ಇಲ್ಲಿ ಸಿಗದ ಗಾಳಿಯನ್ನು ಫ್ಯಾನು ಕೆಳಮನೆಯಿಂದ ವಸೂಲಿ ಮಾಡತೊಡಗಿತು. ಅಲ್ಲಿನ ಹಲ್ಲಿನ ಡಾಕ್ಟರಮ್ಮ ತಲೆಗೆ ಟವೆಲು ಸುತ್ತಿಕೊಂಡೇ ಓಡಿಬಂದರು. "ಅಕ್ಕಾ, ನಮ್ಮ ಬಚ್ಚಲ ಜಾಲರಿ ರೈಲಿನ ಹಾಗೆ ಸಿಳ್ಳೆ ಹಾಕ್ತಿದೆ! ಅರ್ಧ ಸ್ನಾನದಲ್ಲಿ ಎದ್ದು ಬಂದಿದೀನಿ!"

ದಿಂಬು ಕೆಳಗಿಳಿಯಿತು. ಹಟ ಇಳಿಯಲಿಲ್ಲ. ಅವಳು ನೇರವಾಗಿ ಕಟ್ಟಡದ ಸಂಘದ ಅಧ್ಯಕ್ಷರ ಮನೆಗೆ ಹೋದಳು.

"ಗಾಳಿ ಅಂದ್ಮೇಲೆ ಸದ್ದು ಇದ್ದಿದ್ದೇ ಕಣಮ್ಮ" ಎಂದರು ಅಧ್ಯಕ್ಷರು.

"ನಿಮ್ಮ ಮೂಗಲ್ಲೂ ಗಾಳಿ ಓಡಾಡುತ್ತಲ್ಲ ಸರ್? ಅದು ಹೀಗೆ ಗೊರ್ರ್ ಅಂದ್ರೆ ಸುಮ್ಮನೆ ಕೂತಿರ್ತೀರಾ?"

ಅಧ್ಯಕ್ಷರು ಮೂಗು ಮುಟ್ಟಿ ನೋಡಿಕೊಂಡು ಒಪ್ಪಿಗೆ ಕೊಟ್ಟರು.

ಸೋಮವಾರ ಮೆಕ್ಯಾನಿಕ್ ಬಂದ. ಫ್ಯಾನಿನ ಕಾಲುಗಳ ಕೆಳಗೆ ದಪ್ಪ ರಬ್ಬರು ಕೂರಿಸಿದ. ನಡುಕ ಇಳಿಯದಂತೆ ಫ್ಯಾನಿಗೂ ಕೊಳವೆಗೂ ನಡುವೆ ಕ್ಯಾನ್ವಾಸಿನ ಪಟ್ಟಿ ಕಟ್ಟಿದ. ವೇಗ ತಗ್ಗಿಸಿದ. "ಇನ್ನು ಇದು ಓಡ್ತಿದೆಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಮೇಲೆ ಬಂದೇ ನೋಡ್ಬೇಕು" ಎಂದು ಮೀಸೆ ತಿರುವಿದ.

ಆಹಾ, ಆ ಮೌನ! ಮೈಕಮ್ಮ ಮೆಟ್ಟಿಲು ಇಳಿದು ಬಂದದ್ದು ದಂಡಯಾತ್ರೆ ಗೆದ್ದ ಚಕ್ರವರ್ತಿನಿಯ ಗತ್ತಿನಲ್ಲಿ. ಮಂಗಳವಾರ, ಬುಧವಾರ ಮನಸಾರೆ ಓದಿ, ನಾಲ್ಕು ಅಧ್ಯಾಯ ಮುಗಿಸಿ ಕಳಿಸಿಬಿಟ್ಟಳು.

ಗುರುವಾರ ಎಂಜಿನಿಯರ್ ಮತ್ತೆ ಫೋನ್ ಮಾಡಿದ. "ಮೇಡಂ, ಗಿರಣಿ ನಿಂತಿದೆ, ಸಂತೋಷ. ಆದ್ರೆ ಜಮೀನ್ದಾರ ಸತ್ತುಬಿದ್ದ ಕೂಡಲೇ ಒಬ್ಬ ಗಂಡಸು, 'ನಿಮ್ಮೆಲ್ಲರ ಒತ್ತಾಯಕ್ಕೆ ಮಣಿದು ಮತ್ತೊಮ್ಮೆ ಅಧ್ಯಕ್ಷನಾಗಲು ಒಪ್ಪಿದ್ದೇನೆ' ಅಂತಾನೆ. ಆ ಪಾತ್ರ ಪುಸ್ತಕದಲ್ಲಿ ಇಲ್ವಲ್ಲ?"

ಮೈಕಮ್ಮ ಫೋನು ಕೆಳಗಿಟ್ಟಳು. ಕೋಣೆಗೆ ಓಡಿ ಜಾಲರಿಗೆ ಕಿವಿಯಿಟ್ಟಳು. ಕಟ್ಟಡದ ಸಮಸ್ತ ಸಂಸಾರವೂ ಆ ಕೊಳವೆಯೊಳಗೆ ನೆರೆದಿತ್ತು! ಅಧ್ಯಕ್ಷರು ಬಚ್ಚಲ ಕನ್ನಡಿಯ ಮುಂದೆ ಯಾರೂ ಮಾಡದ ಒತ್ತಾಯಕ್ಕೆ ಮಣಿಯುತ್ತಿದ್ದರು. ಮೇಲ್ಮನೆಯ ಸೊಸೆ ಗೆಳತಿಗೆ ಫೋನಿನಲ್ಲಿ, "ನಮ್ಮತ್ತೆಗೆ ಕಿವಿ ಮಂದ ಅನ್ನೋದು ಬರೀ ನಾಟಕ ಕಣೇ" ಎನ್ನುತ್ತಿದ್ದಳು. ಇಷ್ಟು ವರ್ಷ ಮನೆಮನೆಯ ಮಾತಿಗೆ ಪರದೆಯಾಗಿದ್ದದ್ದು ಅದೇ ಗೊರ್ರ್. ಅವಳು ಪರದೆಯನ್ನೇ ಕಿತ್ತುಹಾಕಿದ್ದಳು.

ಸುಮ್ಮನೆ ಕೇಳಿಸಿಕೊಂಡು ಬಂದಿದ್ದರೆ ಸಂಜೆಯ ಗಲಾಟೆ ಇರುತ್ತಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಡಾಕ್ಟರಮ್ಮನ ದನಿ ಬಂತು: "ಆ ಮೈಕಮ್ಮನ ಬಾಯಿಗೂ ಒಂದಿಷ್ಟು ರಬ್ಬರು ಹಾಕಿಸಿದ್ರೆ ಚೆನ್ನಾಗಿತ್ತು."

"ಮೊದಲು ನಿಮ್ಮ ಬಾಯಿಗೆ ಹಾಕಿಸ್ಕೊಳ್ಳಿ, ಡಾಕ್ಟರೇ!" ಎಂದು ಮೈಕಮ್ಮ ಜಾಲರಿಯೊಳಕ್ಕೆ ಗುಡುಗಿದಳು.

ಕೊಳವೆ ಗಪ್‌ಚಿಪ್. ಕಟ್ಟಡಕ್ಕೆ ಕಟ್ಟಡವೇ ಉಸಿರು ಬಿಗಿಹಿಡಿದು, ತಾನು ಮೂರು ದಿನಗಳಿಂದ ಏನೇನು ಮಾತಾಡಿದೆ ಎಂದು ನೆನಪಿಸಿಕೊಳ್ಳುತ್ತಿತ್ತು.

ಸಂಜೆ ಮೆಟ್ಟಿಲ ಮೇಲೆಯೇ ಸಭೆ ಸೇರಿತು. ಮೇಲ್ಮನೆಯ ಅತ್ತೆ, ಸೊಸೆ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಅಧ್ಯಕ್ಷರ ಮುಖ ಕೆಂಪೇರಿತ್ತು. "ಫ್ಯಾನು ಈಗಿಂದೀಗಲೇ ಮೊದಲಿನ ವೇಗಕ್ಕೆ ಬರಬೇಕು. ಮರ್ಯಾದಸ್ಥರು ವಾಸ ಮಾಡೋ ಕಟ್ಟಡ ಇದು!"

ನಾಳೆ ಶುಕ್ರವಾರ. ಫ್ಯಾನು ಗುಡುಗಿದರೆ ಪುಸ್ತಕ ಕೈಬಿಟ್ಟಂತೆಯೇ. ಮೈಕಮ್ಮ ತಾರಸಿಯ ಮೆಟ್ಟಿಲಿಗೆ ಅಡ್ಡವಾಗಿ ಕೂತೇಬಿಟ್ಟಳು. "ಧೈರ್ಯ ಇದ್ದೋರು ನನ್ನ ದಾಟಿಕೊಂಡು ಹೋಗಿ ನೋಡೋಣ!"

"ಏಳೇ, ನಾಳೆ ಎಲ್ಲರ ಮುಖ ನೋಡಬೇಕು" ಎಂದು ಗಂಡ ಪಿಸುಗುಟ್ಟಿದ.

"ನೀವು ನೋಡ್ಕೊಳ್ಳಿ. ನಾನು ಏಳಲ್ಲ!"

ಆಗ ಮೇಲ್ಮನೆಯ ಅತ್ತೆ ಗಂಟಲು ಸರಿಮಾಡಿಕೊಂಡರು. "ಫ್ಯಾನಿನ ತಂಟೆಗೆ ಯಾರೂ ಹೋಗಬೇಡಿ. ಆ ಮಾಲಿ ಎಲ್ಲಿ ಮಾಯವಾದ ಅಂತ ಮೊದಲು ಗೊತ್ತಾಗಲಿ."

"ಯಾವ ಮಾಲಿ?" ಎಂದರು ಅಧ್ಯಕ್ಷರು.

"ನಾಲ್ಕನೇ ಅಧ್ಯಾಯದವನು. ಅವನೇ ಕೊಲೆ ಮಾಡಿರೋದು."

"ಮಾಲಿ ಅಲ್ಲ ಅಮ್ಮಾ, ವಕೀಲ" ಎಂದು ಡಾಕ್ಟರಮ್ಮನ ಬಾಯಿಂದ ಜಾರಿತು.

"ಅತ್ತೆ ಹೇಳಿದ್ದೇ ಸರಿ, ವಕೀಲ ಆವತ್ತು ಊರಲ್ಲೇ ಇರ್ಲಿಲ್ಲ!" ಎಂದು ಸೊಸೆ ತಿರುಗಿ ನಿಂತಳು. ಅಧ್ಯಕ್ಷರು ಕೂಡ ಜಮೀನ್ದಾರನ ತಂಗಿಯ ಮೇಲೆ ತಮಗೆ ಅನುಮಾನವಿದೆ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಎರಡು ದಿನದಿಂದ ಹನ್ನೊಂದು ಗಂಟೆಗೆ ಮನೆಮನೆಯಲ್ಲೂ ಒಬ್ಬರಲ್ಲ ಒಬ್ಬರು ಬಚ್ಚಲ ಜಾಲರಿಯ ಕೆಳಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು! ತಮ್ಮ ಮಾತೂ ಅದೇ ಕೊಳವೆ ಹಿಡಿದು ಹೋಗುತ್ತದೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಮೈಕಮ್ಮನ ಕಣ್ಣು ತುಂಬಿ ಬಂತು. "ಹಾಗಾದ್ರೆ ನನ್ನ ಓದು ಅಷ್ಟು ಚೆನ್ನಾಗಿದೆ!"

"ಓದು ಸಾಧಾರಣ. ಕಥೆ ಚೆನ್ನಾಗಿದೆ" ಎಂದರು ಅತ್ತೆ. "ನಿನಗೆ ತೊಂದರೆ ಆದ್ರೆ ಕೊನೇ ಪುಟ ಇಲ್ಲೇ ಓದಿಬಿಡು. ಫ್ಯಾನು ಹಾಕ್ಕೊಂಡು ಎಲ್ಲರೂ ಮನೆಗೆ ಹೋಗ್ತೀವಿ."

"ಕೊನೇ ಪುಟ ಕೊನೇ ದಿನ!" ಮೈಕಮ್ಮ ಎದ್ದು ನಿಂತಳು. "ಅದು ಬೇಕಾದ್ರೆ ಹನ್ನೊಂದರಿಂದ ಹನ್ನೆರಡರವರೆಗೆ ಫ್ಯಾನು ಮೆಲ್ಲಗೆ ಓಡಬೇಕು, ಒಬ್ಬರೂ ತುಟಿ ಬಿಚ್ಚಕೂಡದು. ಸ್ನಾನವೂ ಇಲ್ಲ, ಭಾಷಣವೂ ಇಲ್ಲ! ಮಿಕ್ಕ ಹೊತ್ತು ಅದು ಎಷ್ಟು ಬೇಕಾದ್ರೂ ಗೊರ್ರ್ ಅನ್ನಲಿ."

ಶುಕ್ರವಾರ ಕಟ್ಟಡದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಹೊಸದಾಗಿ ಓದಿದ ಅಧ್ಯಾಯ ಸಂಜೆಯೇ ಒಪ್ಪಿಗೆಯಾಯಿತು, ಪುಸ್ತಕ ಮೈಕಮ್ಮನಿಗೇ ಉಳಿಯಿತು. ಈಗ ದಿನವೂ ಹನ್ನೆರಡಕ್ಕೆ, ಫ್ಯಾನಿನ ವೇಗ ಏರಿಸುವ ಮುನ್ನ, ಮೇಲ್ಮನೆಯ ಅತ್ತೆ ಜಾಲರಿಗೆ ಬಾಯಿಟ್ಟು ಅಂದಿನ ಓದಿನ ತಪ್ಪುಗಳನ್ನು ಹೇಳುತ್ತಾರೆ. ಮೈಕಮ್ಮ ಮರುದಿನ ಅವನ್ನು ತಿದ್ದಿ ಮತ್ತೆ ಓದುತ್ತಾಳೆ.