ಹೊಳೆಯ ಮೊಸಳೆಗೆ ನಾನು ಹಾಕಿದ ಗೇಣು

ಅಳೆಯುವ ಚಟ ಕುಡಿತಕ್ಕಿಂತ ಕೆಟ್ಟದ್ದು. ಬಾಗಿಲು, ಎಮ್ಮೆಯ ಕೊಂಬು, ಬೀಗರ ಮನೆಯ ಹಪ್ಪಳ, ಏನು ಕಂಡರೂ ನಾನು ಗೇಣು ಹಾಕುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದವನೆಂದು ಅಕ್ಕಿಹೆಬ್ಬಾಳಿನವರು ಅದನ್ನು ನಂಬುತ್ತಿದ್ದರು. ನಂಬಿಸಿದ ಪಾಪ ನನ್ನದೇ.

ತೊಂಬತ್ತರ ದಶಕದ ಒಂದು ಬೇಸಿಗೆ. ಹೇಮಾವತಿ ಇಳಿದು ಮರಳು ಬಯಲಾಗಿತ್ತು. ಬೆಳಿಗ್ಗೆ ನೋಡಿದರೆ ಅದರ ಮೇಲೆ ಬೆರಳು ಬಿಡಿಸಿ ಊರಿದ ಮೊಸಳೆಯ ಹೆಜ್ಜೆಗಳು, ಪಕ್ಕದಲ್ಲೇ ಮೊಳದಗಲಕ್ಕೆ ಏನನ್ನೋ ಎಳೆದ ಗುರುತು. ಕಾಣದ ಪ್ರಾಣಿಯೊಂದು ತನ್ನ ಭಾರವನ್ನಷ್ಟೇ ಅಲ್ಲಿ ಇಟ್ಟುಹೋದಂತಿತ್ತು.

“ಎಷ್ಟುದ್ದ ಇರ್ಬೋದು ಮಾವ?” ಎಂದ ಪಕ್ಕದ ಮನೆಯ ಜವರ.

ಮಂಡಿಯೂರಿ ಗೇಣು ಹಾಕಿದೆ. “ಬಾಲದ ಗುರ್ತೇ ಇಷ್ಟಗಲ ಅಂದ್ಮೇಲೆ ಹದಿನೆಂಟಡಿಗೆ ಮೋಸ ಇಲ್ಲ ಕಣ್ಲಾ.”

“ಅಯ್ಯಪ್ಪಾ! ಟ್ರಾಕ್ಟರ್ಗಿಂತ ಉದ್ದ ಆಯ್ತಲ್ಲ!”

ಸಂಜೆಯೊಳಗೆ ಹೊಳೆದಂಡೆ ಖಾಲಿ. ಕೊಟ್ಟಿಗೆಗೆ ಹೊದಿಸಲೆಂದು ನನ್ನ ಹೆಂಡತಿ ಚಿಕ್ಕತಾಯಿ ನೆನೆಹಾಕಿದ್ದ ತೆಂಗಿನ ಗರಿಗಳು ನೀರಿನಲ್ಲೇ ಉಳಿದವು. ಮೋಡ ಕಟ್ಟುತ್ತಿತ್ತು, ಹಸು ತುಂಬುಗಬ್ಬ. ಗರಿ ತರಲು ಒಬ್ಬ ಆಳೂ ಒಪ್ಪಲಿಲ್ಲ.

“ಅಳ್ದೋರು ನೀವೇ ತಾನೆ? ನೀವೇ ಓಗಿ ತನ್ನಿ. ಕರ ನೆಂದ್ರೆ ನಿಮ್ ಪಂಚೆ ಬಿಚ್ಚಿ ಕೊಟ್ಗೆ ಮ್ಯಾಕೆ ಆಸ್ಬುಡ್ತೀನಿ” ಎಂದಳು ಚಿಕ್ಕತಾಯಿ.

ಹೋದೆ. ಮರಳಿನ ತುದಿಯಲ್ಲಿ ಅದು ಬಾಯಿ ತೆರೆದು ಮಲಗಿತ್ತು. ನನಗಿಂತ ಒಂದೆರಡು ಗೇಣು ಉದ್ದವಿದ್ದರೆ ಹೆಚ್ಚು. ಆದರೂ ಗೇಣು ಹಾಕುವ ಕೈಗಳು ತಾವಾಗಿಯೇ ಮುಗಿದುಕೊಂಡವು. ಬಂಡೆಗೆ ಉಸಿರು ಬಂದಂತೆ ಅದರ ಪಕ್ಕೆ ಮೆಲ್ಲಗೆ ಏರಿಳಿಯುತ್ತಿತ್ತು. ನನ್ನನ್ನು ಕಂಡು ಎದ್ದಿತು, ನಾಲ್ಕು ಹೆಜ್ಜೆಯಿಟ್ಟು ನೀರಿಗೆ ಜಾರಿತು. ಸದ್ದೇ ಇಲ್ಲ, ಹೊಳೆಯೇ ಬಾಗಿಲು ತೆರೆದು ಒಳಗೆ ಕರೆದುಕೊಂಡಂತೆ.

ಎಷ್ಟೋ ಹೊತ್ತಿನ ಮೇಲೆ ನೆಲ ನೋಡಿದೆ. ಬಾಲ ಬಿಟ್ಟುಹೋದ ಗೆರೆ ಬೆರಳಿನಷ್ಟು ಸಣ್ಣದು. ಆ ಮೊಳದಗಲದ ಗುರುತೋ, ನೇರವಾಗಿ ಹೋಗಿ ಚಿಕ್ಕತಾಯಿಯ ಗರಿಗಳ ಬಳಿ ಮುಗಿದಿತ್ತು. ಅವಳು ಗರಿ ಎಳೆದುತಂದ ದಾರಿಯನ್ನು ನಾನು ಮೊಸಳೆಯ ಬಾಲವೆಂದು ಅಳೆದಿದ್ದೆ!

ಆಗ ನೀರಿನಲ್ಲಿ ಎರಡು ಕಣ್ಣು ಮೇಲೆ ಬಂದವು. ಗರಿ ಬಾಚಿಕೊಂಡು ಓಡಿದೆ. ಹೆಜ್ಜೆಹೆಜ್ಜೆಗೂ ಕಾಲು ಮರಳಿನಲ್ಲಿ ಉದ್ದಕ್ಕೆ ಜಾರುತ್ತಿತ್ತು, ಆದರೂ ನಾನು ನಿಲ್ಲಲಿಲ್ಲ.

ಮರುದಿನ ಚಿಕ್ಕತಾಯಿ ಜಗಲಿಯಲ್ಲಿ ಗರಿ ಹೆಣೆಯುತ್ತಿದ್ದಾಗ ಜವರ ಏದುಸಿರು ಬಿಡುತ್ತ ಬಂದ. “ಮಾವ, ಒಳೆತಾವ ಮನ್ಸನ ಎಜ್ಜೆ ಅವೆ, ಒಂದೊಂದೂ ಮೊಳದುದ್ದ! ಏಳಡಿ ಆಳು ಯಾವನೋ ಬಂದು ಮೊಸ್ಳೇನೇ ಓಡ್ಸವ್ನೆ. ಬಾ, ಅಳಿ!”

ಚಿಕ್ಕತಾಯಿ ಗರಿ ಬಿಟ್ಟು ನನ್ನ ಪಾದ ನೋಡಿದಳು. ನಾನು ಅವನ್ನು ಪಂಚೆಯೊಳಗೆ ಎಳೆದುಕೊಂಡೆ. ಇನ್ನು ಮೇಲೆ ಸರಿಯಾದ ಅಳತೆಯನ್ನೇ ಹೇಳಬೇಕೆಂದು ಹಿಂದಿನ ರಾತ್ರಿಯಷ್ಟೇ ಆಣೆ ಮಾಡಿದ್ದೆ. ಆದರೆ ಆ ಏಳಡಿಯ ಧೀರನನ್ನು ಐದೂವರೆ ಅಡಿಗೆ ಇಳಿಸಲು ಇವತ್ತಿಗೂ ನನಗೆ ಮನಸ್ಸು ಬಂದಿಲ್ಲ.