ಹುಲಿ ಗೆದ್ದ ಮೇಲೆ

ಭೂಕಂಪವಾದ ಮೂರನೆಯ ವರ್ಷ, ನಾಗರಪಂಚಮಿಯ ಮರುದಿನ ಮಧ್ಯಾಹ್ನ, ಉಮರ್ಗಾದ ನಮ್ಮ ಅಂಗಳದಲ್ಲಿ ಹುಲಿ-ಕುರಿ ಆಟವಾಡಿ ನಾನು ಹೆಂಡತಿಯನ್ನು ಸೋಲಿಸಿದೆ. ಪತ್ರಿಕೆಗೆ ಸುದ್ದಿ ಬರೆಯುವವನಾದ್ದರಿಂದ ಖಚಿತವಾದುದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಉಳಿದದ್ದು ನನಗೂ ಸರಿಯಾಗಿ ತಿಳಿದಿಲ್ಲ.

ನಮ್ಮ ಕಲ್ಲಿನ ಮನೆ ಬಿದ್ದಿರಲಿಲ್ಲ. ಆದರೂ ನಾವು ಅದರ ಮುಂದೆಯೇ ತಗಡಿನ ಶೆಡ್ಡಿನಲ್ಲಿ ಬೇಯುತ್ತಿದ್ದೆವು. ಇಂಜಿನಿಯರೊಬ್ಬರು ಗೋಡೆ ತಟ್ಟಿ ನೋಡಿ ಗಟ್ಟಿಯಿದೆ ಎಂದಿದ್ದರು. ನಾನದನ್ನು ಬರೆದುಕೊಂಡೂ ಇದ್ದೆ. "ನಾನಂತೂ ಒಳಗ ಮಲಗ್ಲಾಕ ತಯಾರು, ಶಾಂತಾಗ ಹೆದರಿಕಿ" ಎಂದು ಉದಗೀರದ ನೆಂಟರಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರಿಗೂ ಹೇಳುತ್ತಿದ್ದೆ. ಅದು ಹೆಂಡತಿಯ ಕಿವಿಗೆ ಬಿತ್ತು.

"ಬರ್ರಿ, ಒಂದಾಟ ಆಡ್ರಿ. ನೀವ್ ಗೆದ್ರ ಇವತ್ತಿಂದ ಒಳಗ ಮಲಗೂದು. ನಾ ಗೆದ್ರ ಶೆಡ್ಡಿನ್ಯಾಗೇ."

ಒಪ್ಪಿದೆ. ತರ್ಕ ಸರಳವಾಗಿತ್ತು. ಅವಳು ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆಯ ಮಗಳು. ಆ ಮನೆಯಲ್ಲಿ ಆಟಕ್ಕೂ ಯಾರೂ ಹುಲಿ ಹಿಡಿಯುವುದಿಲ್ಲ. ಹರಳಿನ ಕುರಿಯೊಂದು ಹೋದರೂ ಲೊಚಗುಟ್ಟುತ್ತಾರೆ. ಹುಲಿ ಯಾವಾಗಲೂ ಅಳಿಯನ ಪಾಲು. ಮದುವೆಯಾದಾಗಿನಿಂದ ಅವಳ ಕುರಿಗಳು ಅದನ್ನು ಪ್ರತಿ ಸಲವೂ ಕಟ್ಟಿಹಾಕಿವೆ. ಈಗಲೂ ನಾನು ಸೋಲುತ್ತೇನೆ, ಶೆಡ್ಡಿನಲ್ಲೇ ಉಳಿಯುತ್ತೇವೆ, ಹೆದರಿಕೆ ಅವಳ ಹೆಸರಿನಲ್ಲೇ ಇರುತ್ತದೆ.

ಅವಳು ಮೊದಲ ನಡೆಗೇ ಒಂದು ಕುರಿಯನ್ನು ಹುಲಿಯ ಬಾಯಿಗಿಟ್ಟಳು. ನಾನು ಹುಲಿಯನ್ನು ಆಚೆ ಸರಿಸಿದೆ. ಅಲ್ಲಿಗೂ ಒಂದು ಕುರಿ ಬಂತು. ಮತ್ತೆ ಸರಿಸಿದೆ.

ಹಬ್ಬಕ್ಕೆಂದು ಶಿರೂರ ಅನಂತಪಾಳದಿಂದ ಬಂದಿದ್ದ ಅವಳ ಕಾಕಾ ಮಾಳಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅಳಿಯಾರ, ಕುರಿ ಕಂಡು ಓಡೂ ಹುಲಿ ನಾ ಇದೇ ಮೊದಲ ನೋಡ್ಲಾಕತ್ತೀನಿ."

"ತಿನ್ರಿ," ಎಂದಳು ಶಾಂತಾ. "ಹುಲಿ ಎಲ್ಲ್ಯಾರ ಉಪಾಸ ಇರ್ತದೇನ್ರಿ?"

ಮಾನಕ್ಕಂಜಿ ತಿಂದೆ. ಒಂದನ್ನು ತಿಂದಲ್ಲಿ ಎದುರಿಗೆ ಇನ್ನೊಂದು. ಕೊನೆಗೆ ಹುಲಿಯನ್ನು ಕಟ್ಟಲು ಸಾಲುವಷ್ಟು ಕುರಿಗಳೇ ಉಳಿಯಲಿಲ್ಲ. ಹರಳು ಎತ್ತಿಟ್ಟದ್ದು ನನ್ನದೇ ಕೈ. ಆದರೆ ನಾನು ಆಡಿದೆನೋ, ಅವಳು ಆಡಿಸಿದಳೋ? ತಿನ್ನದಿರುವ ಹಾದಿ ನನಗಿತ್ತೋ ಇಲ್ಲವೋ? ಹೇಳಿಕೆ ಪಡೆಯದೆ ಬರೆಯಬಾರದೆಂದು ಅವಳನ್ನೇ ಕೇಳಿದೆ, "ಬೇಕಂತನೇ ಸೋತಿ ಹೌದಿಲ್ಲ?"

"ಗೆದ್ದೋರು ನೀವು. ನನಗ್ಯಾಕ ಕೇಳ್ತೀರಿ?" ಎಂದು ಅವಳು ತನ್ನ ಹಾಸಿಗೆ ಸುತ್ತಿಕೊಂಡು ಒಳಗೆ ಹೋದಳು.

ಇಂದಿಗೆ ಹನ್ನೊಂದು ದಿನ. ಶಾಂತಾ ನಡುಮನೆಯಲ್ಲಿ ಮಲಗುತ್ತಾಳೆ. ನನ್ನ ಹಾಸಿಗೆ ಹೊಸ್ತಿಲ ಮೇಲಿದೆ. ಕಾಲು ಒಳಗೆ, ತಲೆ ಹೊರಗೆ.