ಹಾರ ಹಾಕಿಸಿಕೊಂಡ ಗಿಟಾರು

ಅನುಭವ ಒಳ್ಳೆಯದೇ ಇರಬಹುದು. ಆದರೆ ಏನನ್ನಾದರೂ ಕೊಳ್ಳಲು ಹೊರಟಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದು ಮೇಲು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಏನೂ ತಿಳಿಯದವನು ಅಂಗಡಿಗೆ ಹೋಗುತ್ತಾನೆ, ಬಣ್ಣ ಚೆನ್ನಾಗಿದೆ ಎನ್ನುತ್ತಾನೆ, ಸಾಮಾನು ಹೊತ್ತುಕೊಂಡು ಬಂದು ಸುಖವಾಗಿರುತ್ತಾನೆ. ಎಲ್ಲ ತಿಳಿದವನಿಗೆ ಈ ಭಾಗ್ಯವಿಲ್ಲ. ಕುಣಿಗಲ್ಲಿನಲ್ಲಿದ್ದ ನಮ್ಮ ಸೋದರಮಾವ ರಂಗಪ್ಪನವರು ಎತ್ತು ಪರೀಕ್ಷೆ ಮಾಡುವುದರಲ್ಲಿ ಸುತ್ತಮುತ್ತ ಹೆಸರಾದವರು. ಹಲ್ಲು ನೋಡಿ, ಸುಳಿ ನೋಡಿ, ನಡೆಸಿ, ಓಡಿಸಿ, ಬಾಲ ಎತ್ತಿ, ಕೊನೆಗೆ ಮೈಮೇಲೆ ಕಿವಿಯಿಟ್ಟು ಅದೇನನ್ನೋ ಕೇಳಿಸಿಕೊಂಡು, "ಬುಡು, ಇದಾಗಕಿಲ್ಲ" ಎಂದು ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು. ಎತ್ತುಗಳ ವಿಚಾರದಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಅವರ ಹೊಲವನ್ನು ಮಾತ್ರ ಪ್ರತಿ ವರ್ಷವೂ ಪಕ್ಕದವರ ಎತ್ತುಗಳೇ ಉಳುತ್ತಿದ್ದವು. ನಾನು ಈ ಮಾವನನ್ನೇ ಹೋತಿದ್ದೇನೆ ಎಂದು ನಮ್ಮಮ್ಮ ಹೇಳುತ್ತಿದ್ದರು. ತಮ್ಮನ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದರೋ ನನ್ನ ಮೇಲಿನ ಬೇಸರದಿಂದಲೋ ನಾನು ಕೇಳಲು ಹೋಗಿಲ್ಲ.

ನಾನು ಆಗ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಬೆಂಗಳೂರಿನಲ್ಲಿ ಓದುವಾಗ ದಂಡು, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ವಠಾರದಲ್ಲಿದ್ದೆ. ಪಕ್ಕದ ಮನೆಯವರು ಸಂಜೆ ಹೊತ್ತು ಗಿಟಾರು ನುಡಿಸುತ್ತಿದ್ದರು. ಅದನ್ನು ಕೇಳಿ ಹುಚ್ಚು ಹಿಡಿದು, ಅವರ ಕೈಕಾಲು ಹಿಡಿದು ಕಲಿತೆ. ಪದವಿಯ ಜೊತೆಗೆ ಒಂದು ಹಳೆಯ ಗಿಟಾರನ್ನೂ ಹೊತ್ತುಕೊಂಡು ಊರಿಗೆ ಬಂದೆ. ಅಂದಿನಿಂದ ಅದನ್ನು ಒಂದು ದಿನವೂ ಬಿಟ್ಟವನಲ್ಲ. ತುಮಕೂರಿನಲ್ಲಿ ನನ್ನಷ್ಟು ಚೆನ್ನಾಗಿ ಗಿಟಾರು ನುಡಿಸುವವರು ಯಾರೂ ಇರಲಿಲ್ಲ. ನುಡಿಸುವವರೇ ಇನ್ನೊಬ್ಬರು ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ. ಮದುವೆಯ ಆರತಕ್ಷತೆಗೆ, ಗಣಪತಿ ಉತ್ಸವಕ್ಕೆ ನನ್ನನ್ನು ಕರೆಯುತ್ತಿದ್ದರು. ಕರೆಯುವಾಗ "ಮೇಷ್ಟ್ರೇ, ನಿಮ್ ಪಿಟೀಲು ತರೋದು ಮರೀಬೇಡಿ" ಎನ್ನುತ್ತಿದ್ದರು. ತಿದ್ದುವುದನ್ನು ನಾನು ಎಂದೋ ಬಿಟ್ಟಿದ್ದೆ.

ಆ ಹಳೆಯ ಗಿಟಾರು ಒಂದು ಬೇಸಿಗೆಯಲ್ಲಿ ಕೈಕೊಟ್ಟಿತು. ಕೊರಳು ಬಾಗಿತು, ತಂತಿ ಮೇಲೆದ್ದಿತು, ಒತ್ತಿದರೆ ಬೆರಳು ಕುಯ್ಯುವುದಕ್ಕೆ ಶುರುವಾಯಿತು. ಒಳ್ಳೆಯದೊಂದು ಗಿಟಾರು ಕೊಳ್ಳಬೇಕು, ಬಾಳಿಡೀ ಅದೊಂದೇ ಸಾಕು ಅನ್ನುವಂಥದು, ಎಂದು ಬೆಂಗಳೂರಿನ ಒಂದು ವಾದ್ಯದ ಅಂಗಡಿಗೆ ರಜೆ ಬಂದಾಗಲೆಲ್ಲ ಹೋಗತೊಡಗಿದೆ. ನನ್ನ ಪರೀಕ್ಷೆಯ ಕ್ರಮವೇ ಬೇರೆ. ಒಂದು ಕಣ್ಣು ಮುಚ್ಚಿ ಕೊರಳಿನ ಉದ್ದಕ್ಕೂ ನೋಡುತ್ತೇನೆ. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿ ಕಿವಿಗೊಡುತ್ತೇನೆ. ಹೊಟ್ಟೆಯ ತೂತಿಗೆ ಮೂಗಿಟ್ಟು ಮರದ ವಾಸನೆ ಹಿಡಿಯುತ್ತೇನೆ. ಆಮೇಲೆ ಕೊರಳಿನ ಮೇಲಿನ ಮೆಟ್ಟುಗಳನ್ನು ಒಂದೊಂದಾಗಿ ಒತ್ತಿ ನುಡಿಸುತ್ತಾ ಹೋಗುತ್ತೇನೆ. ಇದಿಷ್ಟೂ ಆಗುವ ಹೊತ್ತಿಗೆ ಅಂಗಡಿಯವರು ಊಟ ಮುಗಿಸಿ ಬಂದಿರುತ್ತಿದ್ದರು. ಒಂದಕ್ಕೆ ಕೊರಳು ದಪ್ಪ, ಒಂದಕ್ಕೆ ಮರ ಹಸಿ, ಇನ್ನೊಂದರ ತಂತಿ ಬಿಗಿಯುವ ಬಿರಡೆ ಸಡಿಲ. ಒಂದೇ ಒಂದು ಮಾತ್ರ ಮನಸ್ಸಿಗೆ ಹಿಡಿಸಿತ್ತು. ತಲೆಯ ಮೇಲೆ ಹೋದ ಹಬ್ಬದ ಕುಂಕುಮದ ಬೊಟ್ಟು ಇನ್ನೂ ಅಂಟಿಕೊಂಡಿದ್ದ, ಜೇನಿನ ಬಣ್ಣದ ಗಿಟಾರು. ನಾದವೆಂದರೆ ಅದು. ಆದರೆ ದಪ್ಪ ತಂತಿ ಮೀಟಿದಾಗ ಒಳಗಿನಿಂದ 'ಜುರ್' ಎಂದು ಸಣ್ಣದೊಂದು ಸದ್ದು ಬರುತ್ತಿತ್ತು. "ಒಳಗಡೆ ಹಲಗೆಗೆ ಅಂಟಿಸಿದ ಪಟ್ಟಿ ಬಿಟ್ಟುಕೊಂಡಿದೆ ಸ್ವಾಮಿ. ಇದು ಇನ್ನೊಂದು ವರ್ಷ ಬಾಳೋದಿಲ್ಲ," ಎಂದು ರೋಗಿಯ ಮನೆಯವರಿಗೆ ಡಾಕ್ಟರು ಹೇಳುವಂತೆ ಹೇಳಿ ಎದ್ದು ಬಂದೆ. ಅದಾದ ಮೇಲೆ ನಾನು ಬರುವುದು ಕಂಡರೆ ಅಂಗಡಿಯವರು ಒಳಕೋಣೆಗೆ ಹೋಗಿಬಿಡುತ್ತಿದ್ದರು.

"ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಖಾಲಿಯಾಗೋದ್ರೊಳಗೆ ಒಪ್ಕೊಂಡ್ರಿ. ಈ ಮರದ ತುಂಡನ್ನ ಎರಡು ವರ್ಷದಿಂದ ನೋಡ್ತಾನೇ ಇದೀರಿ," ಎಂದು ನನ್ನ ಹೆಂಡತಿ ಶಾರದೆ ಒಂದು ದಿನ ಅಂದಳು. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಹೇಳಿ ತಪ್ಪಿಸಿಕೊಂಡೆ.

ಹೀಗಿರುವಾಗ ನವರಾತ್ರಿಯಲ್ಲಿ, ನನ್ನ ಜೊತೆಯ ಮೇಷ್ಟ್ರೊಬ್ಬರಿಂದ ಸುದ್ದಿ ಬಂತು. ಗುಬ್ಬಿಯಲ್ಲಿ ಫ್ರಾನ್ಸಿಸ್ ಎಂಬ ರಿಟೈರಾದ ರೈಲ್ವೆ ಗಾರ್ಡು ಇದ್ದಾರೆ, ಅವರ ಹತ್ತಿರ ಪರದೇಶದಿಂದ ಬಂದ ಗಿಟಾರು ಇದೆ, ಅವರು ಅದನ್ನು ಮಾರಿ, ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದಾರೆ ಎಂದು. ಸಿಕ್ಕಿದ ಗಾಡಿ ಹತ್ತಿ ಗುಬ್ಬಿಗೆ ಓಡಿದೆ. ಮಂಚದ ಕೆಳಗಿನಿಂದ ಅವರು ಪೆಟ್ಟಿಗೆ ಎಳೆದು ತೆಗೆದು ತೋರಿಸಿದರು. ಅಂಥ ಮರವನ್ನು, ಅಂಥ ಕೆಲಸವನ್ನು ನಾನು ನೋಡಿರಲಿಲ್ಲ. ಆದರೆ ಅದಕ್ಕೆ ಒಂದು ತಂತಿಯೂ ಇರಲಿಲ್ಲ. "ಕೈಗೆ ವಾತ ಬಂದ ಮೇಲೆ ನಾನೇ ಬಿಚ್ಚಿಟ್ಟೆ," ಎಂದು ಫ್ರಾನ್ಸಿಸ್ ಸೊಟ್ಟಗಾದ ಬೆರಳುಗಳನ್ನು ತೋರಿಸಿದರು. ನನ್ನ ಹತ್ತಿರ ಮನೆಯಲ್ಲಿ ಹೊಸ ತಂತಿಗಳಿದ್ದವು. "ತಗೊಂಡ್ ಹೋಗಿ ಮೇಷ್ಟ್ರೇ, ನುಡ್ಸಿ ನೋಡಿ. ಬೇಡ ಅಂದ್ರೆ ಬೇಜಾರಿಲ್ಲ. ಅರಸೀಕೆರೆಯೋರು ಒಬ್ರು ಕೇಳ್ತಾ ಇದಾರೆ. ಆಯುಧಪೂಜೆ ದಿನ ತುಮಕೂರಿಗೆ ಬರೋನಿದೀನಿ. ಅವತ್ತು ಬೇಕು, ಬೇಡ ಹೇಳ್ಬಿಡಿ. ಮಾರನೇ ದಿನ ನಾನು ಹೊರಟೆ," ಎಂದರು. ಇದಕ್ಕಿಂತ ಮರ್ಯಾದೆಯ ವ್ಯಾಪಾರ ಇನ್ನೇನು ಬೇಕು? ಪೆಟ್ಟಿಗೆಯನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಮನೆಗೆ ಬಂದವನೇ ತಂತಿ ಕಟ್ಟಿದೆ. ಬೇರೆಯವರಾಗಿದ್ದರೆ ಆಗಲೇ ನುಡಿಸಿ ನೋಡುತ್ತಿದ್ದರು. ಆದರೆ ನಾನು ಅನುಭವಸ್ಥ. ಹೊಸ ತಂತಿ ಒಂದು ರಾತ್ರಿ ಎಳೆದುಕೊಂಡು ನಿಲ್ಲಬೇಕು, ಅದಕ್ಕೆ ಮೊದಲು ನುಡಿಸಿದರೆ ನಿಜವಾದ ನಾದ ತಿಳಿಯುವುದಿಲ್ಲ ಎಂದು ಬಿಗಿ ಮಾಡಿ ಗೋಡೆಗೆ ಒರಗಿಸಿ ಮಲಗಿದೆ. ಬೆಳಿಗ್ಗೆ ಸ್ನಾನ ಮಾಡಿ, ಕೈಯೊರೆಸಿಕೊಂಡು ಬಂದು ನೋಡಿದರೆ ಗೋಡೆಯ ಹತ್ತಿರ ಗಿಟಾರು ಇಲ್ಲ. ದೇವರ ಮುಂದೆ, ಮಣೆಯ ಮೇಲೆ, ಮಕ್ಕಳ ಪುಸ್ತಕ, ನನ್ನ ಭೂಗೋಳದ ಅಟ್ಲಾಸು ಇವುಗಳ ಪಕ್ಕದಲ್ಲಿ ಅಂಗಾತ ಮಲಗಿದೆ. ಕೊರಳಿಗೆ ಸೇವಂತಿಗೆ ಹಾರ. ಮೈಮೇಲೆ ಅರಿಶಿನ, ಕುಂಕುಮ. ಅವತ್ತು ಸರಸ್ವತಿ ಪೂಜೆ ಎಂಬುದು ನನಗೆ ಮರೆತೇ ಹೋಗಿತ್ತು.

"ಅಮ್ಮ, ಇದನ್ನ ಯಾಕಿಲ್ಲಿ ಇಟ್ಟೆ?" ಎಂದು ಕೂಗಿದೆ.

"ಇನ್ನೆಲ್ಲಿಡ್ಲಿ? ವಾದ್ಯ ಅಲ್ವೇನೋ ಅದು? ಸರಸ್ವತಿ ಕಣೋ," ಎಂದರು ಅಮ್ಮ.

"ಹೋದ ವರ್ಷ ಹಳೇದನ್ನ ಇಟ್ಟಿರ್ಲಿಲ್ವಲ್ಲ?"

"ಹಳೇದು ಸರಸ್ವತಿ ಥರ ಇರ್ಲಿಲ್ಲ. ಮುಟ್ಟಬೇಡ. ವಿಜಯದಶಮಿ ಪೂಜೆ ಆಗೋವರ್ಗೂ ಯಾರೂ ಮುಟ್ಟೋ ಹಾಗಿಲ್ಲ. ಪುಸ್ತಕಾನೂ ಅಷ್ಟೆ."

ಪುಸ್ತಕದ ಮಾತು ಕೇಳಿ ಮಕ್ಕಳು ಕುಣಿದಾಡಿದರು. ನಾನು ಬೆರಳೆಣಿಸಿ ದಿನ ಲೆಕ್ಕ ಹಾಕಿದೆ. ಆಯುಧಪೂಜೆಯ ದಿನ ಫ್ರಾನ್ಸಿಸ್ ಬರುತ್ತಾರೆ, ಬೇಕೋ ಬೇಡವೋ ಹೇಳಬೇಕು. ಅದನ್ನು ಮುಟ್ಟಬಹುದಾದ್ದು ಮಾರನೆಯ ದಿನ. ಬೇಡ ಎಂದರೆ ಇಂಥದು ಮತ್ತೆ ಜನ್ಮದಲ್ಲಿ ಸಿಗುವುದಿಲ್ಲ; ಬೇಕು ಎಂದು ಆಮೇಲೆ ಕೆಟ್ಟದ್ದಾದರೆ ಇನ್ನೊಂದು ಕೊಳ್ಳುವ ಶಕ್ತಿ ನನಗಿಲ್ಲ. ನಿಜ ಹೇಳಬೇಕೆಂದರೆ ಅವತ್ತು ನನಗೆ ತಾಯಿಯ ಮೇಲೂ ಸಿಟ್ಟು ಬಂತು, ಸರಸ್ವತಿಯ ಮೇಲೂ ಬಂತು.

ಆಗ ಮಂಗಳಾರತಿ ಶುರುವಾಯಿತು. ಹಬ್ಬಕ್ಕೆಂದು ಬಂದಿದ್ದ ಮಾವ ರಂಗಪ್ಪನವರು ಬೀದಿಗೆಲ್ಲ ಕೇಳಿಸುವ ಹಾಗೆ ಜಾಗಟೆ ಹೊಡೆದರು. ಜಾಗಟೆ ನಿಂತಿತು. ನಿಂತ ಮೇಲೂ ಒಂದು ನಾದ ಉಳಿಯಿತು. ಯಾರೂ ಮುಟ್ಟದ ಆ ಗಿಟಾರಿನ ತಂತಿಗಳು ಜಾಗಟೆಯ ಸದ್ದಿಗೆ ತಾವಾಗಿ ಮಿಡಿಯುತ್ತಿದ್ದವು. ದುಂಡಗಿನ, ತುಂಬಿದ, ಒಂದಿಷ್ಟೂ ಒಡಕಿಲ್ಲದ ನಾದ. ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಎಲ್ಲರಿಗೂ ಮಂತ್ರಾಕ್ಷತೆ ಹಂಚಿ, ಸರಸ್ವತಿಯ ಮೇಲೂ ಒಂದು ಹಿಡಿ ಹಾಕಿ, ನನ್ನ ಕಡೆ ನೋಡಿದರು. "ಈಗ್ಲಾದ್ರೂ ಭಕ್ತಿ ಬಂತಲ್ಲಪ್ಪ," ಎಂದು ಅವರೂ ಕಣ್ಣೊರೆಸಿಕೊಂಡರು.

ನುಡಿಸದೇ ಪರೀಕ್ಷೆ ಮಾಡುವ ದಾರಿ ಸಿಕ್ಕಿತ್ತು. ಸಂಜೆ ನಾನೇ ಮುಂದಾಗಿ ಮಂಗಳಾರತಿಗೆ ಸಿದ್ಧ ಮಾಡಿದೆ. "ಮಾವ, ಇನ್ನೂ ಜೋರಾಗಿ ಹೊಡೀರಿ," ಎಂದೆ. ಮಾವ ಹೊಡೆದರು. ಈ ಸಲ ನಾದದ ಜೊತೆಗೆ ಸಣ್ಣಗೆ 'ಜುರ್' ಎಂದಿತು. ನನ್ನ ಜೀವ ಹಾರಿತು. ಮಾರನೆಯ ದಿನ ಬೆಳಿಗ್ಗೆ ಇನ್ನೊಂದು ಮಂಗಳಾರತಿ, 'ಜುರ್ ಜುರ್'. ಮಧ್ಯಾಹ್ನ ಕಾರಣವಿಲ್ಲದೆ ಮತ್ತೊಂದು ಮಾಡಿಸಿದೆ, ಅದೇ ಸದ್ದು, ಇನ್ನೂ ಜೋರಾಗಿ. ದೀಪದ ಶಾಖಕ್ಕೆ ಒಳಗಿನ ಪಟ್ಟಿಯೆಲ್ಲ ಬಿಟ್ಟುಕೊಳ್ಳುತ್ತಿದೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಬಗ್ಗಿ ತೂತಿನ ಹತ್ತಿರ ಕಿವಿಯಿಟ್ಟು ಕೂತಿದ್ದವನನ್ನು ಮಾವ ಎದೆಯ ಮೇಲೆ ಕೈಕಟ್ಟಿ ನೋಡಿದರು. "ಏನ್ಲಾ, ಏನಂತದೆ?" ಎಂದರು. "ಒಳಗೆ ಏನೋ ಬಿಟ್ಟಿದೆ ಮಾವ," ಎಂದೆ. "ಹಂಗಾರೆ ಬುಡು, ಆಗಕಿಲ್ಲ," ಎಂದು ಅವರು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟರು. ಅವರ ಕಣ್ಣಲ್ಲಿ ಅಭಿಮಾನವಿತ್ತು.

ಆಯುಧಪೂಜೆಯ ದಿನ ಫ್ರಾನ್ಸಿಸ್ ಬಂದರು. ಬೇಡ ಎಂದು ಹೇಳಿಬಿಡಲು ಮಾತುಗಳನ್ನು ಜೋಡಿಸಿಕೊಂಡು ನಿಂತಿದ್ದೆ. ಅವರು ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು, ಹಾರ ಹಾಕಿಕೊಂಡು ದೇವರ ಮುಂದೆ ಮಲಗಿದ್ದ ತಮ್ಮ ಗಿಟಾರನ್ನು ನೋಡಿ ಹಾಗೆಯೇ ನಿಂತುಬಿಟ್ಟರು. "ನಮ್ಮನೇಲಿ ಅದು ಮಂಚದ ಕೆಳಗೇ ಇತ್ತು ಮೇಷ್ಟ್ರೇ. ಧೂಳು ಹೊಡೆಯೋರೂ ಇರ್ಲಿಲ್ಲ. ಹೆಂಗಿದೆ ಅಂತ ಕೇಳೋಣ ಅಂತ ಬಂದೆ. ನೀವು ನೋಡಿದ್ರೆ ಹಾರಾನೇ ಹಾಕ್ಬಿಟ್ಟಿದೀರಿ. ಇನ್ನೇನ್ ಕೇಳ್ಲಿ?" ಎಂದು ಸೊಟ್ಟ ಬೆರಳಿನಿಂದ ಕಣ್ಣಂಚು ಒತ್ತಿಕೊಂಡರು. ಅಮ್ಮ ಅವರಿಗೆ ಮಣೆ ಹಾಕಿ, ಕೋಸಂಬರಿ ಕೊಟ್ಟು, "ಮನೆಗೆ ಬಂದ ಸರಸ್ವತೀನ ಪೂಜೆ ಮಾಡಿ ವಾಪಸ್ ಕಳ್ಸೋದುಂಟೇನಪ್ಪ? ನಿಮಗೆ ಆ ಯೋಚ್ನೆ ಬೇಡ," ಎಂದು ನನ್ನ ಪರವಾಗಿ ವ್ಯಾಪಾರ ಮುಗಿಸಿದರು. ನಾನು ದುಡ್ಡು ತಂದು ಕೊಟ್ಟೆ. ಎರಡು ವರ್ಷ ಅಷ್ಟೊಂದು ಗಿಟಾರುಗಳ ಹೊಟ್ಟೆಗೆ ಮೂಗಿಟ್ಟವನು ಕೊನೆಗೆ ಒಂದು ಸಲವೂ ನುಡಿಸದ, ಒಳಗೆ ಒಡೆದಿದೆ ಎಂದು ನಾನೇ ಕಂಡುಹಿಡಿದ ಗಿಟಾರನ್ನು ಕೊಂಡೆ.

ವಿಜಯದಶಮಿಯ ಪೂಜೆ ಮುಗಿಯುತ್ತಲೇ ಅದನ್ನು ಎತ್ತಿಕೊಂಡೆ. ಎತ್ತಿದ ರಭಸಕ್ಕೆ ಒಳಗೆ ಜರಜರ ಎಂದಿತು. ತಲೆಕೆಳಗೆ ಮಾಡಿದೆ. ತೂತಿನಿಂದ ನನ್ನ ತೊಡೆಯ ಮೇಲೆ ಸುರಿದದ್ದು ಅಕ್ಷತೆ. ಅಂಗಾತ ಮಲಗಿದ್ದ ಸರಸ್ವತಿಯ ಮೇಲೆ ಅಮ್ಮ ಪ್ರತಿ ಮಂಗಳಾರತಿಗೂ ಒಂದೊಂದು ಹಿಡಿ ಹಾಕಿದ್ದರು. ಸಂಶಯ ಬಂದಾಗಲೆಲ್ಲ ನಾನೇ ಮುಂದೆ ನಿಂತು ಇನ್ನೊಂದು ಮಂಗಳಾರತಿ ಮಾಡಿಸಿದ್ದೆ. ಶಾರದೆ ಮೊರ ತಂದಿಟ್ಟು, "ಇನ್ನೂ ಸ್ವಲ್ಪ ಕೊಡವಿ, ಚಿತ್ರಾನ್ನಕ್ಕೆ ಆಗುತ್ತೆ," ಎಂದಳು. ಆಮೇಲೆ ನುಡಿಸಿದೆ. ಅದರ ನಾದವನ್ನು ಹೇಗೆ ಹೇಳಲಿ? ಮನೆಯವರೆಲ್ಲ ಮಾತು ನಿಲ್ಲಿಸಿ ಕೂತರು. ಆ ಹೊತ್ತಿಗೆ ಗುಬ್ಬಿಯಿಂದ ಹೊರಟಿದ್ದ ಫ್ರಾನ್ಸಿಸ್ ಅದನ್ನು ಕೇಳಲಿಲ್ಲವಲ್ಲ ಎಂದು ನನಗೆ ನಿಜವಾಗಿ ದುಃಖವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ಭಾಗ್ಯದ ಕಥೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಅಕ್ಷತೆ ಆರಿಸುತ್ತಿದ್ದಾಗಲೇ ನನಗೆ ಬೆಂಗಳೂರಿನ ಆ ಜೇನಿನ ಬಣ್ಣದ ಗಿಟಾರು, ಅದರ ತಲೆಯ ಮೇಲಿದ್ದ ಕುಂಕುಮದ ಬೊಟ್ಟು ನೆನಪಾಗಿದ್ದವು. ಅಂಗಡಿಯವರಿಗೂ ಆಯುಧಪೂಜೆ ಇರುತ್ತದೆ. ಮನಸ್ಸು ತಡೆಯದೆ ಕ್ರಿಸ್ಮಸ್ ರಜೆಯಲ್ಲಿ ಅಲ್ಲಿಗೆ ಹೋದೆ. ಈ ಸಲ ಅಂಗಡಿಯವರಿಗೆ ಒಳಗೆ ಹೋಗಲು ಸಮಯ ಸಿಗಲಿಲ್ಲ. ಆ ಗಿಟಾರು ಎಲ್ಲಿ ಎಂದು ಕೇಳಿದೆ.

"ಹೋಯ್ತು ಸಾರ್. ಚರ್ಚಿನಲ್ಲಿ ನುಡಿಸೋ ಹೆಂಗಸೊಬ್ರು ಬಂದಿದ್ರು. ನುಡಿಸಿದ್ರು, ಜುರ್ ಅಂತು. ತಲೆಕೆಳಗೆ ಮಾಡಿ ಎರಡು ಸಲ ಕೊಡವಿದ್ರು, ನಮ್ಮ ಪೂಜೆ ಅಕ್ಕಿಯೆಲ್ಲ ಕೆಳಗೆ ಬಿತ್ತು. ತಗೊಂಡು ಹೊರಟುಹೋದ್ರು," ಎಂದರು. ಬಹಳ ವಿನಯದಿಂದ, "ಅವರಿಗೆ ನಿಮ್ಮಷ್ಟು ಅನುಭವ ಇರ್ಲಿಲ್ಲ ಅಂತ ಕಾಣುತ್ತೆ ಸಾರ್," ಎಂದು ಸೇರಿಸಿದರು.

ಏನಾದರೂ ಕೊಳ್ಳದೆ ಹೊರಗೆ ಬರುವ ಮುಖ ನನಗಿರಲಿಲ್ಲ. ಒಂದು ಕಟ್ಟು ತಂತಿ ಕೇಳಿದೆ. ಇನ್ನು ಮೇಲೆ ಪರೀಕ್ಷೆಯ ಸಹವಾಸವೇ ಬೇಡ ಎಂದು, ಅವರು ಕೊಟ್ಟಿದ್ದನ್ನು ಬಿಚ್ಚಿಯೂ ನೋಡದೆ ಜೇಬಿಗೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಮನೆಗೆ ಬಂದು ಬಿಚ್ಚಿದರೆ ಒಳಗಿದ್ದದ್ದು ಆರರ ಬದಲು ನಾಲ್ಕೇ ತಂತಿ, ಪಿಟೀಲಿನವು. ಶಾರದೆ ಅವನ್ನು ದೀಪದ ಬೆಳಕಿಗೆ ಹಿಡಿದು ನೋಡಿ, "ಇನ್ನು ಪಿಟೀಲು ನೋಡೋಕೆ ಹೊರಡ್ತೀರೇನೋ," ಎಂದಳು.